ಹಗುರ ಲಿನಕ್ಸ್‌ನಲ್ಲಿ ಜಪಾನಿ ಬರಹ: ತೊಡಕು ಎಲ್ಲಿ, ಪರಿಹಾರವೇನು?

ಜಪಾನಿ ಭಾಷೆಯ ಒಂದೇ ವಾಕ್ಯದೊಳಗೆ ಮೂರು ಲಿಪಿಗಳು ಕೂಡಿ ಬರುತ್ತವೆ. ಹಿರಗಾನ ಮತ್ತು ಕತಕಾನ ಉಚ್ಚಾರವನ್ನು ಹಿಡಿದಿಡುವ ಲಿಪಿಗಳು. ಒಂದೊಂದರಲ್ಲೂ 46 ಮೂಲ ಅಕ್ಷರಗಳಿವೆ. ಮೂರನೆಯದು ಚೀನಾದಿಂದ ಬಂದ ಕಾಂಜಿ. ಅದರಲ್ಲಿ ಒಂದೊಂದು ಚಿಹ್ನೆಯೂ ಅರ್ಥವನ್ನು ಹೊತ್ತಿರುತ್ತದೆ. ದಿನಬಳಕೆಗೆಂದು ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯೊಂದರಲ್ಲೇ 2136 ಕಾಂಜಿಗಳಿವೆ. ಕಂಪ್ಯೂಟರಿಗಾಗಿ ರೂಪಿಸಿದ ಜೆಐಎಸ್ ಎಕ್ಸ್ 0208 ಎಂಬ ಮಾನಕದಲ್ಲಿ ಈ ಸಂಖ್ಯೆ 6355. ನೂರು ಚಿಲ್ಲರೆ ಕೀಲಿಗಳಿರುವ ಕೀಬೋರ್ಡಿನಲ್ಲಿ ಇಷ್ಟು ಚಿಹ್ನೆಗಳಿಗೆ ಜಾಗ ಸಿಗುವುದಿಲ್ಲ. ಆದ್ದರಿಂದ ಜಪಾನಿಯಲ್ಲಿ ಬರೆಯುವವರು ಉಚ್ಚಾರವನ್ನು ಟೈಪ್ ಮಾಡುತ್ತಾರೆ. ಅದಕ್ಕೆ ಹೊಂದುವ ಕಾಂಜಿಯನ್ನು ಹುಡುಕಿ ಕೊಡುವ ಕೆಲಸ ತಂತ್ರಾಂಶದ್ದು. ಈ ತಂತ್ರಾಂಶಕ್ಕೆ ಇನ್‌ಪುಟ್ ಮೆಥಡ್ ಎಂದು ಹೆಸರು.

ದೊಡ್ಡ ಡೆಸ್ಕ್‌ಟಾಪ್‌ಗಳಲ್ಲಿ ಇದು ಸದ್ದಿಲ್ಲದೆ ನಡೆಯುತ್ತದೆ. ಎಲ್‌ಎಕ್ಸ್‌ಡಿಇ, ಎಲ್‌ಎಕ್ಸ್‌ಕ್ಯೂಟಿ, ಎಕ್ಸ್‌ಎಫ್‌ಸಿಇ, ಓಪನ್‌ಬಾಕ್ಸ್, ಐ3 ಮುಂತಾದ ಹಗುರ ವ್ಯವಸ್ಥೆಗಳಲ್ಲಿ ಮಾತ್ರ ಆಗಾಗ ಕೈಕೊಡುತ್ತದೆ. ಪ್ಯಾಕೇಜ್ ಹಾಕಿದ್ದರೂ ಪರದೆಯ ಮೇಲೆ ರೋಮನ್ ಅಕ್ಷರಗಳೇ ಮೂಡುತ್ತವೆ. ಒಂದು ಅಪ್ಲಿಕೇಶನ್‌ನಲ್ಲಿ ಜಪಾನಿ ಬರುತ್ತದೆ, ಪಕ್ಕದ್ದರಲ್ಲಿ ಬರುವುದಿಲ್ಲ. ಪದಗಳ ಆಯ್ಕೆಪಟ್ಟಿ ಪರದೆಯ ಯಾವುದೋ ಮೂಲೆಯಲ್ಲಿ ತೆರೆದುಕೊಳ್ಳುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ಜೀವ ಕೊಡಲು ಹಗುರ ಲಿನಕ್ಸ್ ಹಾಕಿಕೊಂಡ ವಿದ್ಯಾರ್ಥಿಯಾಗಲಿ ಅನುವಾದಕನಾಗಲಿ ಇಲ್ಲಿ ಸೋತು ಹಿಂದೆಗೆಯಬೇಕಾಗಿಲ್ಲ. ಈ ತೊಂದರೆಗಳಿಗೆಲ್ಲ ಗುರುತಿಸಬಹುದಾದ ಕಾರಣಗಳಿವೆ. ಹೆಚ್ಚಿನ ವೇಳೆ ಬಿಡಿಭಾಗಗಳೆಲ್ಲ ಚೆನ್ನಾಗಿಯೇ ಇರುತ್ತವೆ, ಒಂದನ್ನೊಂದು ಕೂಡುವ ಕೊಂಡಿಯೊಂದು ತಪ್ಪಿರುತ್ತದೆ.

ಉಚ್ಚಾರದಿಂದ ಕಾಂಜಿಯವರೆಗೆ

ಬರೆಯುವವರು ರೋಮನ್ ಅಕ್ಷರಗಳಲ್ಲಿ ‘ಕೆ’, ‘ಎ’ ಒತ್ತಿದರೆ ಪರದೆಯ ಮೇಲೆ ‘ಕ’ ಧ್ವನಿಯ ಹಿರಗಾನ ಅಕ್ಷರ ಮೂಡುತ್ತದೆ. ಅದರ ಕೆಳಗೊಂದು ಗೆರೆ ಇರುತ್ತದೆ. ಪಠ್ಯ ಇನ್ನೂ ಕರಡು ಹಂತದಲ್ಲಿದೆ ಎಂಬುದರ ಗುರುತು ಅದು. ಸ್ಪೇಸ್ ಕೀಲಿ ಒತ್ತಿದಾಗ ಕಾಂಜಿಗಳ ಆಯ್ಕೆಪಟ್ಟಿ ತೆರೆಯುತ್ತದೆ. ಎಂಟರ್ ಒತ್ತಿದರೆ ಆಯ್ದ ಪದ ಖಾಯಂ ಆಗಿ ಅಪ್ಲಿಕೇಶನ್‌ಗೆ ಸೇರುತ್ತದೆ. ‘ಹಶಿ’ ಎಂಬ ಒಂದೇ ಉಚ್ಚಾರಕ್ಕೆ ಸೇತುವೆ, ಊಟದ ಕಡ್ಡಿ, ಅಂಚು ಎಂಬ ಬೇರೆ ಬೇರೆ ಅರ್ಥಗಳ ಕಾಂಜಿಗಳಿರುವುದರಿಂದ, ಸುತ್ತಲಿನ ಮಾತನ್ನು ನೋಡಿ ಸರಿಯಾದುದನ್ನು ಮೇಲೆ ತರುವ ಜಾಣತನ ಈ ತಂತ್ರಾಂಶಕ್ಕೆ ಬೇಕು.

ಈ ವಿಧಾನವನ್ನು ಮಾರುಕಟ್ಟೆಗೆ ತಂದ ಮೊದಲ ಯಂತ್ರ ತೋಷಿಬಾದ ಜೆಡಬ್ಲ್ಯು-10. ಅದನ್ನು ಪ್ರಕಟಿಸಿದ್ದು 1978ರಲ್ಲಿ. ಮೇಜಿನಷ್ಟು ದೊಡ್ಡದಾಗಿದ್ದ ಆ ವರ್ಡ್ ಪ್ರೊಸೆಸರ್‌ನ ಬೆಲೆ 63 ಲಕ್ಷ ಯೆನ್. ಯುನಿಕ್ಸ್ ಲೋಕದಲ್ಲಿ 1980ರ ದಶಕದಲ್ಲಿ ಕ್ಯೋಟೊ ವಿಶ್ವವಿದ್ಯಾಲಯ ಮತ್ತು ಕಂಪನಿಗಳ ಸಹಯೋಗದಿಂದ ಡಬ್ಲ್ಯುಎನ್‌ಎನ್ ಎಂಬ ಪರಿವರ್ತಕ ಬಂತು. ಎನ್‌ಇಸಿ ಕಂಪನಿ ಕನ್ನಾ ಎಂಬುದನ್ನು ಕೊಟ್ಟಿತು. ಮಸಾಹಿಕೊ ಸಾತೊ 1987ರಲ್ಲಿ ಎಸ್‌ಕೆಕೆ ರಚಿಸಿದರು. ಅದರಲ್ಲಿ ಕಾಂಜಿ ಎಲ್ಲಿ ಶುರುವಾಗಬೇಕೆಂಬುದನ್ನು ಬರೆಯುವವರೇ ದೊಡ್ಡಕ್ಷರ ಒತ್ತಿ ಸೂಚಿಸುತ್ತಾರೆ. ಹಾಗಾಗಿ ವ್ಯಾಕರಣ ವಿಶ್ಲೇಷಣೆಯ ಭಾರ ಕಂಪ್ಯೂಟರಿನ ಮೇಲೆ ಬೀಳುವುದಿಲ್ಲ. ಆಮೇಲೆ ಕ್ಯೋಟೊ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರ ಕೈಯಲ್ಲಿ ಆಂಥಿ ಹುಟ್ಟಿತು. ಗೂಗಲ್ 2009ರ ಡಿಸೆಂಬರ್‌ನಲ್ಲಿ ತನ್ನ ಜಪಾನಿ ಇನ್‌ಪುಟ್ ತಂತ್ರಾಂಶವನ್ನು ಬಿಡುಗಡೆ ಮಾಡಿ, ಮರುವರ್ಷ ಮೇ ತಿಂಗಳಲ್ಲಿ ಅದರ ಮುಕ್ತ ರೂಪವನ್ನು ಮೊಜ್ಕ್ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಇಂದು ಲಿನಕ್ಸ್ ಬಳಸುವ ಬಹುತೇಕರು ಆರಿಸಿಕೊಳ್ಳುವುದು ಮೊಜ್ಕ್ ಅನ್ನು.

ಒಂದರ ಮೇಲೊಂದು ಪದರ

ತೊಂದರೆಯನ್ನು ಹುಡುಕುವ ಮೊದಲು ಒಂದು ಕೀಲಿಯ ಒತ್ತು ಕಾಂಜಿಯಾಗುವವರೆಗೆ ಯಾರ ಯಾರ ಕೈದಾಟುತ್ತದೆ ಎಂಬುದು ಗೊತ್ತಿರಬೇಕು.

ತಳದಲ್ಲಿ ಕೀಬೋರ್ಡ್ ವಿನ್ಯಾಸ ಇದೆ: ಯಾವ ಕೀಲಿ ಯಾವ ಅಕ್ಷರ ಎಂಬುದನ್ನು ತೀರ್ಮಾನಿಸುವ ಪದರ ಅದು. ಅದರ ಮೇಲೆ ಪರದೆಯನ್ನು ನಿಭಾಯಿಸುವ ಎಕ್ಸ್11 ಅಥವಾ ವೇಲ್ಯಾಂಡ್. ಮೂರನೆಯದು ಅಪ್ಲಿಕೇಶನ್‌ಗಳನ್ನು ಕಟ್ಟಲು ಬಳಸುವ ಜಿಟಿಕೆ, ಕ್ಯೂಟಿ ಮುಂತಾದ ಟೂಲ್‌ಕಿಟ್. ಒತ್ತಿದ ಕೀಲಿಯನ್ನು ನೇರವಾಗಿ ಅಕ್ಷರವೆಂದು ತೆಗೆದುಕೊಳ್ಳಬೇಕೋ ಇನ್‌ಪುಟ್ ಮೆಥಡ್‌ಗೆ ಒಪ್ಪಿಸಬೇಕೋ ಎಂದು ನಿರ್ಧರಿಸುವುದು ಈ ಟೂಲ್‌ಕಿಟ್‌ನೊಳಗಿನ ಒಂದು ಚಿಕ್ಕ ಮಾಡ್ಯೂಲ್. ನಾಲ್ಕನೆಯದು ಹಿನ್ನೆಲೆಯಲ್ಲಿ ಓಡುತ್ತಿರುವ ಚೌಕಟ್ಟು ತಂತ್ರಾಂಶ. ಐಬಸ್ ಮತ್ತು ಫೈಟಿಕ್ಸ್ ಇವುಗಳಲ್ಲಿ ಮುಖ್ಯವಾದವು. ಅದರ ಆಚೆಗೆ ಮೊಜ್ಕ್, ಆಂಥಿ, ಎಸ್‌ಕೆಕೆಯಂಥ ಎಂಜಿನ್. ಉಚ್ಚಾರವನ್ನು ಕಾಂಜಿಯಾಗಿ ಮಾರ್ಪಡಿಸುವುದು ಈ ಎಂಜಿನ್ ಮಾತ್ರ. ಕೊನೆಗೆ, ಬಂದ ಅಕ್ಷರ ಕಣ್ಣಿಗೆ ಕಾಣಲು ಫಾಂಟ್ ಬೇಕು.

ಎಕ್ಸ್11ಗೆ ಎಕ್ಸ್‌ಐಎಂ ಎಂಬ ತನ್ನದೇ ಹಳೆಯ ಇನ್‌ಪುಟ್ ವ್ಯವಸ್ಥೆಯೂ ಇದೆ. ಅದು 1990ರ ದಶಕದ ಕೂಸು. ಎಕ್ಸ್‌ಟರ್ಮ್‌ನಂಥ ಸರಳ ಟರ್ಮಿನಲ್‌ಗಳು, ಜಾವಾ ಅಪ್ಲಿಕೇಶನ್‌ಗಳು ಇಂದಿಗೂ ಅದನ್ನೇ ನೆಚ್ಚಿವೆ. ಹೊಸ ಟೂಲ್‌ಕಿಟ್‌ಗಳು ಅದನ್ನು ಕೈಬಿಟ್ಟಿವೆ. ಕ್ಯೂಟಿ 5ರಿಂದ ಈಚೆಗೆ, ಜಿಟಿಕೆ 4ರಿಂದ ಈಚೆಗೆ ಎಕ್ಸ್‌ಐಎಂ ಮಾಡ್ಯೂಲ್ ಇಲ್ಲ. ‘ಹಳೆಯ ಟರ್ಮಿನಲ್‌ನಲ್ಲಿ ಜಪಾನಿ ಬರುತ್ತದೆ, ಹೊಸ ಎಡಿಟರ್‌ನಲ್ಲಿ ಬರುವುದಿಲ್ಲ’ ಎಂಬ ದೂರು ಹುಟ್ಟುವ ಒಂದು ಜಾಗ ಇದು.

ಹಗುರ ಡೆಸ್ಕ್‌ಟಾಪಿನಲ್ಲೇ ಏಕೆ ತೊಂದರೆ?

ಗ್ನೋಮ್ ಡೆಸ್ಕ್‌ಟಾಪ್ ಐಬಸ್ ಅನ್ನು ತನ್ನೊಳಗೇ ಹೆಣೆದುಕೊಂಡಿದೆ. ಲಾಗಿನ್ ಆದ ಕೂಡಲೇ ಅದನ್ನು ಚಾಲೂ ಮಾಡುತ್ತದೆ, ಭಾಷೆ ಬದಲಿಸುವ ಗುರುತನ್ನು ಮೇಲಿನ ಪಟ್ಟಿಯಲ್ಲಿ ತೋರಿಸುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಜಪಾನಿಯನ್ನು ಸೇರಿಸಿದರೆ ಉಳಿದುದನ್ನು ತಾನೇ ನೋಡಿಕೊಳ್ಳುತ್ತದೆ.

ಹಗುರ ಡೆಸ್ಕ್‌ಟಾಪ್‌ಗಳ ಗುರಿಯೇ ಬೇರೆ. ತೈವಾನ್‌ನ ಹಾಂಗ್ ಜೆನ್ ಯೀ 2006ರಲ್ಲಿ ಆರಂಭಿಸಿದ ಎಲ್‌ಎಕ್ಸ್‌ಡಿಇ ಆಗಲಿ, ಅದರ ಕ್ಯೂಟಿ ರೂಪ ರೇಜರ್-ಕ್ಯೂಟಿಯೊಂದಿಗೆ ಒಂದಾಗಿ ಬೆಳೆದ ಎಲ್‌ಎಕ್ಸ್‌ಕ್ಯೂಟಿ ಆಗಲಿ, ಕಡಿಮೆ ಮೆಮೊರಿಯಲ್ಲಿ ಕೆಲಸ ಮುಗಿಸಲು ಬಿಡಿಬಿಡಿ ಭಾಗಗಳನ್ನು ಜೋಡಿಸಿಕೊಳ್ಳುತ್ತವೆ. ಪ್ಯಾನೆಲ್ ಒಂದು ಪ್ರೋಗ್ರಾಂ, ವಿಂಡೋ ಮ್ಯಾನೇಜರ್ ಇನ್ನೊಂದು, ಲಾಗಿನ್ ಪರದೆ ಮತ್ತೊಂದು. ಇನ್‌ಪುಟ್ ಮೆಥಡ್ ಅನ್ನು ಇವುಗಳಿಗೆ ಹೊಂದಿಸುವ ಹೊಣೆ ಯಾರದೂ ಅಲ್ಲ. ಅದು ಬಳಕೆದಾರರ ಪಾಲಿಗೆ ಉಳಿಯುತ್ತದೆ. ಓಪನ್‌ಬಾಕ್ಸ್, ಐ3ರಂತೆ ಬರಿಯ ವಿಂಡೋ ಮ್ಯಾನೇಜರ್ ಬಳಸುವವರಿಗಂತೂ ಆರಂಭದಿಂದ ಅಂತ್ಯದವರೆಗೆ ಕೈಯಿಂದಲೇ ಜೋಡಿಸುವ ಕೆಲಸ.

ಹಾಗಾಗಿ ಪರೀಕ್ಷೆಯೂ ಪದರ ಪದರವಾಗಿ ನಡೆಯಬೇಕು. ನಲ್ಲಿಯಲ್ಲಿ ನೀರು ಬರದಿದ್ದರೆ ತೊಟ್ಟಿಯಿಂದ ಶುರುಮಾಡಿ ಒಂದೊಂದು ವಾಲ್ವ್ ನೋಡುತ್ತ ಬರುವಂತೆ, ಇಲ್ಲಿಯೂ ಕ್ರಮ ತಪ್ಪದೆ ಒಂದೊಂದೇ ಕೊಂಡಿಯನ್ನು ನೋಡುತ್ತ ಹೋಗುವುದು ಕ್ಷೇಮ. ಸಿಕ್ಕ ಸಿಕ್ಕ ಸಲಹೆಗಳನ್ನೆಲ್ಲ ಒಟ್ಟಿಗೆ ಹಾಕಿದರೆ ಯಾವುದು ಫಲಿಸಿತು, ಯಾವುದು ಕೆಡಿಸಿತು ಎಂಬುದು ತಿಳಿಯದೆ ಹೋಗುತ್ತದೆ.

ಮೊದಲು ಫಾಂಟ್

ಜಪಾನಿ ಪುಟವನ್ನು ತೆರೆದಾಗ ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಅದು ಇನ್‌ಪುಟ್‌ನ ತೊಂದರೆಯಲ್ಲ. ಜಪಾನಿ ಫಾಂಟ್ ಇಲ್ಲ ಎಂದಷ್ಟೇ ಅರ್ಥ. ಗೂಗಲ್ ಮತ್ತು ಅಡೋಬಿ ಕೂಡಿ 2014ರಲ್ಲಿ ಹೊರತಂದ ನೋಟೊ ಸಾನ್ಸ್ ಸಿಜೆಕೆ ಫಾಂಟ್ ಹಾಕಿದರೆ ಸಮಸ್ಯೆ ಮುಗಿಯುತ್ತದೆ. ಅದು ದೊಡ್ಡ ಫಾಂಟ್. ಡಿಸ್ಕ್‌ನಲ್ಲಿ ಜಾಗ ಕಡಿಮೆಯಿದ್ದರೆ ಐಪಿಎ, ವಿಎಲ್ ಗೋಥಿಕ್‌ನಂಥ ಚಿಕ್ಕ ಜಪಾನಿ ಫಾಂಟ್‌ಗಳು ಸಾಕು.

ಇನ್ನೊಂದು ಸೂಕ್ಷ್ಮ ತೊಂದರೆ ಇದೆ. ಯುನಿಕೋಡ್‌ನಲ್ಲಿ ಚೀನಿ, ಜಪಾನಿ, ಕೊರಿಯನ್ ಭಾಷೆಗಳು ಹಂಚಿಕೊಂಡ ಅನೇಕ ಚಿಹ್ನೆಗಳಿಗೆ ಒಂದೇ ಸಂಕೇತಾಂಕ. ಕೆಲವು ಚಿಹ್ನೆಗಳ ಗೆರೆಗಳ ವಿನ್ಯಾಸ ಚೀನಾದಲ್ಲಿ ಒಂದು ಥರ, ಜಪಾನ್‌ನಲ್ಲಿ ಇನ್ನೊಂದು ಥರ. ಚೀನಿ ಫಾಂಟ್‌ಗೆ ಆದ್ಯತೆ ಸಿಕ್ಕಿರುವ ಯಂತ್ರದಲ್ಲಿ ಜಪಾನಿ ಬರಹ ಚೀನಿ ರೂಪದಲ್ಲಿ ಕಾಣುತ್ತದೆ. ಟೈಪ್ ಮಾಡಿದ್ದು ಸರಿಯಾಗಿಯೇ ಇರುತ್ತದೆ, ತೋರಿಸುವಿಕೆ ಮಾತ್ರ ತಪ್ಪು. ಫಾಂಟ್‌ಕಾನ್ಫಿಗ್ ಎಂಬ ವ್ಯವಸ್ಥೆಯಲ್ಲಿ ಜಪಾನಿ ಫಾಂಟನ್ನು ಮುಂದಕ್ಕೆ ತಂದರೆ ಇದು ಸರಿಹೋಗುತ್ತದೆ. ಕಲಿಯುವ ಹಂತದಲ್ಲಿರುವವರು ಇದನ್ನು ಕಡೆಗಣಿಸಬಾರದು. ತಪ್ಪು ರೂಪವೇ ಕೈಗೆ ಕೂತುಬಿಡುತ್ತದೆ.

ಚೌಕಟ್ಟು ಓಡುತ್ತಿದೆಯೇ?

ಎರಡನೆಯ ಪ್ರಶ್ನೆ ಐಬಸ್ ಅಥವಾ ಫೈಟಿಕ್ಸ್ ಹಿನ್ನೆಲೆಯಲ್ಲಿ ಇದೆಯೇ ಎಂಬುದು. ಎರಡರಲ್ಲಿ ಒಂದನ್ನು ಆರಿಸಿ, ಇನ್ನೊಂದನ್ನು ತೆಗೆದುಹಾಕುವುದು ಮೊದಲ ಕೆಲಸ. ಎರಡೂ ಒಟ್ಟಿಗೆ ಓಡುತ್ತಿದ್ದರೆ ಒಂದೇ ಶಾರ್ಟ್‌ಕಟ್ ಕೀಲಿಗೆ ಎರಡೂ ಕೈಹಾಕುತ್ತವೆ. ಕೆಲವು ಅಪ್ಲಿಕೇಶನ್‌ಗಳು ಒಂದಕ್ಕೆ, ಕೆಲವು ಇನ್ನೊಂದಕ್ಕೆ ಜೋತುಬೀಳುತ್ತವೆ. ಹಗುರ ಡೆಸ್ಕ್‌ಟಾಪ್‌ಗಳಲ್ಲಿ ಈಚೆಗೆ ಫೈಟಿಕ್ಸ್‌ನ ಐದನೆಯ ಆವೃತ್ತಿ ಹೆಚ್ಚು ಬಳಕೆಯಲ್ಲಿದೆ.

ಟರ್ಮಿನಲ್ ತೆರೆದು ‘ಪಿಎಸ್’ ಆಜ್ಞೆಯಿಂದ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ನೋಡಿದರೆ ಚೌಕಟ್ಟು ಇದೆಯೋ ಇಲ್ಲವೋ ತಿಳಿಯುತ್ತದೆ. ಇಲ್ಲದಿದ್ದರೆ ಅದನ್ನು ಕೈಯಿಂದ ಚಾಲೂ ಮಾಡಿ ಪರೀಕ್ಷಿಸಬಹುದು. ಕೈಯಿಂದ ಚಾಲೂ ಮಾಡಿದಾಗ ಜಪಾನಿ ಬಂದು, ಮರುದಿನ ಕಂಪ್ಯೂಟರ್ ಹಚ್ಚಿದಾಗ ಬಾರದೆ ಹೋದರೆ, ತಪ್ಪಿರುವುದು ಆಟೋಸ್ಟಾರ್ಟ್ ಕೊಂಡಿ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿಗಳು ಲಾಗಿನ್ ಹೊತ್ತಿನಲ್ಲಿ ನಿಗದಿತ ಫೋಲ್ಡರ್‌ನ ಆಟೋಸ್ಟಾರ್ಟ್ ನಮೂದುಗಳನ್ನು ತಾವೇ ಓದುತ್ತವೆ. ಓಪನ್‌ಬಾಕ್ಸ್‌ಗೆ ಆಟೋಸ್ಟಾರ್ಟ್ ಎಂಬ ತನ್ನದೇ ಫೈಲ್ ಇದೆ. ಅಲ್ಲಿ ಒಂದು ಸಾಲು ಬರೆಯಬೇಕು. ಐ3 ಆ ಫೋಲ್ಡರ್‌ನ ಕಡೆ ತಾನಾಗಿ ನೋಡುವುದೇ ಇಲ್ಲ. ಅದರ ಸಂರಚನಾ ಫೈಲಿನಲ್ಲಿ ‘ಎಕ್ಸೆಕ್’ ಎಂದು ಆರಂಭವಾಗುವ ಸಾಲಿನ ಮೂಲಕ ಚಾಲೂ ಮಾಡಬೇಕು.

ಈ ಚೌಕಟ್ಟುಗಳು ಅಪ್ಲಿಕೇಶನ್‌ಗಳೊಡನೆ ಮಾತಾಡುವ ಹಾದಿಯಲ್ಲಿ ಡಿ-ಬಸ್ ಎಂಬ ಸಂದೇಶವಾಹಕ ವ್ಯವಸ್ಥೆಗೆ ಮುಖ್ಯ ಪಾತ್ರ ಇದೆ. ಲಾಗಿನ್ ಪರದೆಯಿಲ್ಲದೆ ‘ಸ್ಟಾರ್ಟ್‌ಎಕ್ಸ್’ ಆಜ್ಞೆಯಿಂದ ಡೆಸ್ಕ್‌ಟಾಪ್ ತೆರೆಯುವ ತೀರ ಸರಳ ವ್ಯವಸ್ಥೆಗಳಲ್ಲಿ ಬಳಕೆದಾರರ ಡಿ-ಬಸ್ ಸೆಷನ್ ಇಲ್ಲದಿರುವ ಸಾಧ್ಯತೆ ಉಂಟು. ಆಗ ಚೌಕಟ್ಟು ಓಡುತ್ತಿದ್ದರೂ ಅದರ ಮಾತು ಯಾರಿಗೂ ತಲುಪುವುದಿಲ್ಲ. ಆಡಳಿತಗಾರನ ಅಧಿಕಾರದಲ್ಲಿ ತೆರೆದ ಎಡಿಟರ್‌ನಲ್ಲಿ ಜಪಾನಿ ಬರದಿರುವುದಕ್ಕೂ ಇಂಥದೇ ಕಾರಣ: ಆ ಎಡಿಟರ್ ಬೇರೆ ಬಳಕೆದಾರರ ಹೆಸರಿನಲ್ಲಿ ಓಡುತ್ತಿರುವುದರಿಂದ ಈ ಸೆಷನ್‌ಗೆ ಅದರ ಕೈ ಎಟಕುವುದಿಲ್ಲ.

ಮೂರು ವೇರಿಯಬಲ್‌ಗಳು

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಎಕ್ಸ್11ರಲ್ಲಿ ಯಾವ ಇನ್‌ಪುಟ್ ಮೆಥಡ್ ಅನ್ನು ಕೇಳಬೇಕೆಂಬುದನ್ನು ಅಪ್ಲಿಕೇಶನ್ ತಿಳಿದುಕೊಳ್ಳುವುದು ಮೂರು ಎನ್ವಿರಾನ್ಮೆಂಟ್ ವೇರಿಯಬಲ್‌ಗಳಿಂದ. ‘ಜಿಟಿಕೆ_ಐಎಂ_ಮಾಡ್ಯೂಲ್’ ಜಿಟಿಕೆ ಅಪ್ಲಿಕೇಶನ್‌ಗಳಿಗೆ, ‘ಕ್ಯೂಟಿ_ಐಎಂ_ಮಾಡ್ಯೂಲ್’ ಕ್ಯೂಟಿ ಅಪ್ಲಿಕೇಶನ್‌ಗಳಿಗೆ, ‘ಎಕ್ಸ್‌ಮಾಡಿಫೈಯರ್ಸ್’ ಹಳೆಯ ಎಕ್ಸ್‌ಐಎಂ ಬಳಸುವವುಗಳಿಗೆ. ಕಂಪ್ಯೂಟರಿನಲ್ಲಿ ಇವುಗಳನ್ನು ದೊಡ್ಡ ರೋಮನ್ ಅಕ್ಷರಗಳಲ್ಲಿ ಬರೆಯಬೇಕು. ಮೊದಲ ಎರಡಕ್ಕೆ ಚೌಕಟ್ಟಿನ ಹೆಸರನ್ನು ಹಾಗೆಯೇ ಕೊಟ್ಟರೆ ಸಾಕು; ಮೂರನೆಯದಕ್ಕೆ ‘@ಐಎಂ=’ ಎಂದು ಬರೆದು, ನಂತರ ಹೆಸರು ಸೇರಿಸಬೇಕು. ಫೈಟಿಕ್ಸ್ ಐದನೆಯ ಆವೃತ್ತಿ ಹಾಕಿಕೊಂಡವರೂ ಇಲ್ಲಿ 5 ಅಂಕಿಯನ್ನು ಬಿಟ್ಟು ಬರಿಯ ಹೆಸರನ್ನಷ್ಟೇ ಬರೆಯಬೇಕು.

ಬರೆದರೆ ಸಾಲದು, ಸರಿಯಾದ ಫೈಲಿನಲ್ಲಿ ಬರೆಯಬೇಕು. ಅನೇಕರು ಇವನ್ನು ‘ಬ್ಯಾಷ್‌ಆರ್‌ಸಿ’ ಫೈಲಿಗೆ ಸೇರಿಸುತ್ತಾರೆ. ಆ ಫೈಲನ್ನು ಓದುವುದು ಟರ್ಮಿನಲ್‌ನ ಶೆಲ್. ಹಾಗಾಗಿ ಟರ್ಮಿನಲ್‌ನಿಂದ ತೆರೆದ ಎಡಿಟರ್‌ನಲ್ಲಿ ಜಪಾನಿ ಬರುತ್ತದೆ, ಅದೇ ಎಡಿಟರನ್ನು ಮೆನುವಿನಿಂದ ತೆರೆದರೆ ಬರುವುದಿಲ್ಲ. ಈ ಲಕ್ಷಣ ಕಂಡ ಕೂಡಲೇ ಕಾರಣವನ್ನು ಊಹಿಸಬಹುದು. ಇಡೀ ಡೆಸ್ಕ್‌ಟಾಪ್‌ಗೆ ತಲುಪಬೇಕಾದರೆ ವೇರಿಯಬಲ್‌ಗಳು ಲಾಗಿನ್ ಹಂತದಲ್ಲೇ ಸಿದ್ಧವಾಗಬೇಕು. ಅದಕ್ಕೆ ‘ಎಕ್ಸ್‌ಪ್ರೊಫೈಲ್’ ಫೈಲ್, ಇಲ್ಲವೇ ಇಡೀ ಯಂತ್ರಕ್ಕೆ ಅನ್ವಯಿಸುವ ‘ಎನ್ವಿರಾನ್ಮೆಂಟ್’ ಫೈಲ್ ಇದೆ. ಯಾವ ಫೈಲನ್ನು ಓದಲಾಗುತ್ತದೆ ಎಂಬುದು ಲಾಗಿನ್ ಪರದೆಯ ತಂತ್ರಾಂಶವನ್ನು ಅವಲಂಬಿಸಿದೆ. ಸ್ಟಾರ್ಟ್‌ಎಕ್ಸ್ ಬಳಸುವವರು ‘ಎಕ್ಸ್‌ಇನಿಟ್‌ಆರ್‌ಸಿ’ಯಲ್ಲಿ, ಡೆಸ್ಕ್‌ಟಾಪನ್ನು ಚಾಲೂ ಮಾಡುವ ಕೊನೆಯ ಸಾಲಿಗಿಂತ ಮೊದಲೇ ಇವನ್ನು ಬರೆಯಬೇಕು, ಆ ಸಾಲಿನ ನಂತರ ಬರೆದದ್ದು ಲೆಕ್ಕಕ್ಕೆ ಬರುವುದಿಲ್ಲ.

ಡೆಬಿಯನ್, ಉಬುಂಟು ಕುಟುಂಬದಲ್ಲಿ ‘ಐಎಂ-ಕಾನ್ಫಿಗ್’ ಎಂಬ ಸಾಧನ ಈ ಕೆಲಸವನ್ನೆಲ್ಲ ತಾನೇ ಮಾಡುತ್ತದೆ. ಅದನ್ನು ಬಳಸಿದವರು ಕೈಯಿಂದಲೂ ಬರೆದಿಟ್ಟರೆ ಎರಡರ ನಡುವೆ ತಿಕ್ಕಾಟವಾಗಬಹುದು. ಯಾವ ದಾರಿ ಹಿಡಿದರೂ, ಬದಲಾವಣೆಯ ನಂತರ ಲಾಗ್ ಔಟ್ ಮಾಡಿ ಮತ್ತೆ ಒಳಬರಬೇಕು. ಆಗಲೇ ತೆರೆದಿದ್ದ ಅಪ್ಲಿಕೇಶನ್‌ಗಳಿಗೆ ಹೊಸ ಬೆಲೆ ಗೊತ್ತಾಗುವುದಿಲ್ಲ.

ಒಂದರಲ್ಲಿ ಬರುತ್ತದೆ, ಇನ್ನೊಂದರಲ್ಲಿ ಇಲ್ಲ

ಚೌಕಟ್ಟು ಓಡುತ್ತಿದೆ, ವೇರಿಯಬಲ್‌ಗಳು ಸರಿಯಾಗಿವೆ, ಆದರೂ ಕೆಲವೇ ಅಪ್ಲಿಕೇಶನ್‌ಗಳಲ್ಲಿ ಜಪಾನಿ ಬರುತ್ತಿಲ್ಲ ಎಂದರೆ ಟೂಲ್‌ಕಿಟ್‌ನ ಮಾಡ್ಯೂಲ್ ಕಡೆ ನೋಡಬೇಕು. ಜಿಟಿಕೆ 2, 3, 4 ಮತ್ತು ಕ್ಯೂಟಿ 5, 6 ಪ್ರತಿಯೊಂದಕ್ಕೂ ಬೇರೆ ಬೇರೆ ಮಾಡ್ಯೂಲ್ ಬೇಕು. ಡೆಬಿಯನ್‌ನಲ್ಲಿ ಫೈಟಿಕ್ಸ್‌ಗೆ ಇವು ಬೇರೆ ಬೇರೆ ಪ್ಯಾಕೇಜ್‌ಗಳಾಗಿಯೇ ಬರುತ್ತವೆ. ಶಿಫಾರಸು ಮಾಡಿದ ಪ್ಯಾಕೇಜ್‌ಗಳನ್ನು ಬಿಟ್ಟು ಅಗತ್ಯದ್ದಷ್ಟನ್ನೇ ಹಾಕಿಕೊಳ್ಳುವುದು ಹಗುರ ವ್ಯವಸ್ಥೆ ಬಳಸುವವರ ರೂಢಿ. ಆಗ ಇವುಗಳಲ್ಲಿ ಒಂದೆರಡು ತಪ್ಪಿಹೋಗುತ್ತವೆ. ಎಲ್‌ಎಕ್ಸ್‌ಕ್ಯೂಟಿಯ ಫೈಲ್ ಮ್ಯಾನೇಜರ್‌ನಲ್ಲಿ ಜಪಾನಿ ಬಂದು ಜಿಟಿಕೆ ಆಧಾರಿತ ಎಡಿಟರ್‌ನಲ್ಲಿ ಬಾರದಿದ್ದರೆ ಜಿಟಿಕೆ ಮಾಡ್ಯೂಲ್ ಹಾಕಿಲ್ಲವೆಂದೇ ತಿಳಿಯಬಹುದು.

ಲಿಬ್ರೆಆಫೀಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ ಜಿಟಿಕೆ, ಕ್ಯೂಟಿ ಹೊದಿಕೆಗಳು ಬೇರೆ ಪ್ಯಾಕೇಜ್‌ಗಳಲ್ಲಿ ಸಿಗುತ್ತವೆ. ಅವು ಇಲ್ಲದಿದ್ದಾಗ ಅದು ಸರಳ ಎಕ್ಸ್11 ಹೊದಿಕೆಗೆ ಇಳಿದು ಎಕ್ಸ್‌ಐಎಂ ಬಳಸುತ್ತದೆ. ಆಗ ಜಪಾನಿ ಟೈಪಿಂಗ್ ಒರಟಾಗಿ ನಡೆಯುತ್ತದೆ, ಇಲ್ಲವೇ ನಡೆಯುವುದೇ ಇಲ್ಲ. ಜಿಟಿಕೆ 3ರ ಹೊದಿಕೆಯ ಪ್ಯಾಕೇಜ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ತಮ್ಮದೇ ಕ್ಯೂಟಿ ಪ್ರತಿಯನ್ನು ಒಳಗೇ ಹೊತ್ತು ಬರುವ ಅಪ್ಲಿಕೇಶನ್‌ಗಳದ್ದು ಇನ್ನೊಂದು ಬಗೆಯ ತೊಡಕು. ವ್ಯವಸ್ಥೆಯಲ್ಲಿ ಹಾಕಿದ ಫೈಟಿಕ್ಸ್ ಮಾಡ್ಯೂಲ್ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಕ್ಯೂಟಿಯೊಳಗೆ ಐಬಸ್ ಮಾಡ್ಯೂಲ್ ಸಾಮಾನ್ಯವಾಗಿ ಮೊದಲಿನಿಂದಲೇ ಇರುತ್ತದೆ, ಫೈಟಿಕ್ಸ್ 5 ಐಬಸ್‌ನ ಭಾಷೆಯಲ್ಲೂ ಮಾತಾಡಬಲ್ಲುದು. ಆದ್ದರಿಂದ ಆ ಒಂದು ಅಪ್ಲಿಕೇಶನ್‌ಗೆ ಮಾತ್ರ ಕ್ಯೂಟಿ ವೇರಿಯಬಲ್‌ಗೆ ‘ಐಬಸ್’ ಎಂದು ಕೊಟ್ಟು ತೆರೆದರೆ ಎಷ್ಟೋ ಸಲ ಕೆಲಸವಾಗುತ್ತದೆ.

ಆಯ್ಕೆಪಟ್ಟಿ ಎಲ್ಲಿ ತೆರೆಯುತ್ತದೆ ಎಂಬುದೂ ಒಂದು ಸುಳಿವು. ಅದು ಕರ್ಸರ್‌ನ ಬಳಿಯೇ ಮೂಡಿ, ಗೆರೆಯೆಳೆದ ಕರಡು ಪಠ್ಯ ಸಾಲಿನೊಳಗೇ ಕಂಡರೆ ಮಾಡ್ಯೂಲ್ ಸರಿಯಾಗಿ ಕೆಲಸ ಮಾಡುತ್ತಿದೆ. ಪಟ್ಟಿ ವಿಂಡೋದ ಅಥವಾ ಪರದೆಯ ಮೂಲೆಗೆ ಹೋಗಿ ಕೂತರೆ, ಅಪ್ಲಿಕೇಶನ್ ಬಹುಶಃ ಎಕ್ಸ್‌ಐಎಂಗೆ ಇಳಿದಿದೆ, ಕರ್ಸರ್ ಎಲ್ಲಿದೆ ಎಂಬ ಮಾಹಿತಿ ಚೌಕಟ್ಟಿಗೆ ತಲುಪುತ್ತಿಲ್ಲ. ಎಕ್ಸ್‌ಐಎಂಗೆ ಲೊಕೇಲ್, ಅಂದರೆ ಭಾಷೆ ಮತ್ತು ಅಕ್ಷರ ಸಂಕೇತದ ಸಂರಚನೆ, ಸರಿಯಾಗಿರುವುದೂ ಮುಖ್ಯ. ಡೆಸ್ಕ್‌ಟಾಪಿನ ಭಾಷೆ ಜಪಾನಿಯೇ ಆಗಬೇಕಾಗಿಲ್ಲ, ಕನ್ನಡವೋ ಇಂಗ್ಲಿಷೋ ಇರಬಹುದು. ಆದರೆ ಅದು ಯುಟಿಎಫ್-8 ಲೊಕೇಲ್ ಆಗಿರಬೇಕು. ‘ಸಿ’ ಎಂಬ ಬರಿಯ ಲೊಕೇಲ್‌ನಲ್ಲಿ ತೆರೆದ ಅಪ್ಲಿಕೇಶನ್ ಜಪಾನಿಯನ್ನು ಸ್ವೀಕರಿಸುವುದಿಲ್ಲ.

ಎಂಜಿನ್ ಇದೆ, ಆದರೂ ರೋಮನ್ ಅಕ್ಷರ

ಫೈಟಿಕ್ಸ್ 5ರಲ್ಲಿ ಮೊಜ್ಕ್ ಪ್ಯಾಕೇಜ್ ಹಾಕಿದ ಮಾತ್ರಕ್ಕೆ ಅದು ಬಳಕೆಗೆ ಬಂದುಬಿಡುವುದಿಲ್ಲ. ಅದರ ಸಂರಚನಾ ವಿಂಡೋ ತೆರೆದು ಬಳಕೆಯ ಪಟ್ಟಿಗೆ ಮೊಜ್ಕ್ ಅನ್ನು ಸೇರಿಸಬೇಕು. ಪಟ್ಟಿಯ ಮೊದಲ ಸ್ಥಾನದಲ್ಲಿ ಮಾಮೂಲಿ ಕೀಬೋರ್ಡ್, ಎರಡನೆಯದಾಗಿ ಮೊಜ್ಕ್ ಇದ್ದರೆ ಕಂಟ್ರೋಲ್ ಮತ್ತು ಸ್ಪೇಸ್ ಕೀಲಿಗಳಿಂದ ಎರಡರ ನಡುವೆ ಓಡಾಡಬಹುದು. ಸೇರಿಸಲು ಲಭ್ಯವಿರುವವುಗಳ ಪಟ್ಟಿಯಲ್ಲಿ ಮೊಜ್ಕ್ ಕಾಣದಿದ್ದರೆ ‘ಪ್ರಸ್ತುತ ಭಾಷೆಯವನ್ನು ಮಾತ್ರ ತೋರಿಸು’ ಎಂಬ ಅರ್ಥದ ಗುರುತನ್ನು ತೆಗೆದು ಹುಡುಕಬೇಕು.

ಐಬಸ್‌ನಲ್ಲಿ ಮೊಜ್ಕ್ ಆಯ್ದ ಮೇಲೂ ರೋಮನ್ ಅಕ್ಷರಗಳೇ ಬರುವುದು ತುಂಬ ಸಾಮಾನ್ಯ. ಮೊಜ್ಕ್ ಅಲ್ಲಿ ‘ನೇರ ಇನ್‌ಪುಟ್’ ಸ್ಥಿತಿಯಲ್ಲಿ ಆರಂಭವಾಗುವುದು ಇದಕ್ಕೆ ಕಾರಣ. ಪ್ಯಾನೆಲ್‌ನ ಗುರುತನ್ನು ಒತ್ತಿ ಹಿರಗಾನ ಸ್ಥಿತಿಗೆ ಬದಲಿಸಿದರೆ ಸಾಕು. ಪ್ರತಿ ಸಲ ಹಾಗೆ ಮಾಡುವ ಬದಲು, ಮೊಜ್ಕ್‌ನ ಐಬಸ್ ಸಂರಚನಾ ಫೈಲಿನಲ್ಲಿ ‘ಆಕ್ಟಿವ್ ಆನ್ ಲಾಂಚ್’ ಎಂಬ ಆಯ್ಕೆಯನ್ನು ‘ಟ್ರೂ’ ಮಾಡಿದರೆ ಆರಂಭದಿಂದಲೇ ಹಿರಗಾನ ಬರುತ್ತದೆ.

ಕೆಲವು ಹಗುರ ಪ್ಯಾನೆಲ್‌ಗಳಲ್ಲಿ ಈ ಗುರುತು ಕಾಣುವುದೇ ಇಲ್ಲ. ಪ್ಯಾನೆಲ್‌ಗೆ ಸಿಸ್ಟಮ್ ಟ್ರೇ ಸೇರಿಸದಿರುವುದು ಅಥವಾ ಹೊಸ ಬಗೆಯ ಸ್ಥಿತಿಸೂಚಕ ಗುರುತುಗಳನ್ನು ತೋರಿಸುವ ಪ್ಲಗಿನ್ ಇಲ್ಲದಿರುವುದು ಕಾರಣ. ಗುರುತು ಕಾಣದಿದ್ದರೂ ಇನ್‌ಪುಟ್ ಕೆಲಸ ಮಾಡುತ್ತಿರಬಹುದು. ಶಾರ್ಟ್‌ಕಟ್ ಒತ್ತಿ ನೋಡದೆ ತೀರ್ಮಾನಕ್ಕೆ ಬರಬಾರದು.

ಶಾರ್ಟ್‌ಕಟ್‌ನ ಪೈಪೋಟಿಯನ್ನೂ ಗಮನಿಸಬೇಕು. ಕಂಟ್ರೋಲ್ ಮತ್ತು ಸ್ಪೇಸ್ ಜೋಡಿ ಇಮ್ಯಾಕ್ಸ್‌ನಲ್ಲಿ ಪಠ್ಯ ಆಯ್ಕೆಯ ಆರಂಭಬಿಂದುವನ್ನು ಗುರುತಿಸುತ್ತದೆ. ಅನೇಕ ಪ್ರೋಗ್ರಾಮಿಂಗ್ ಎಡಿಟರ್‌ಗಳಲ್ಲಿ ಪದಪೂರಣಕ್ಕೂ ಅದೇ ಜೋಡಿ. ಐಬಸ್ ಸಾಮಾನ್ಯವಾಗಿ ಬಳಸುವ ಸೂಪರ್ ಮತ್ತು ಸ್ಪೇಸ್ ಜೋಡಿಯನ್ನು ವಿಂಡೋ ಮ್ಯಾನೇಜರ್ ಮೊದಲೇ ಹಿಡಿದಿಟ್ಟುಕೊಂಡಿರಬಹುದು. ಯಾರೂ ಬಳಸದ ಜೋಡಿಯೊಂದನ್ನು ಆರಿಸಿಕೊಳ್ಳುವುದೇ ಶಾಶ್ವತ ಪರಿಹಾರ.

ಕೀಬೋರ್ಡ್ ಅದಲುಬದಲು

ಜಪಾನ್‌ನಲ್ಲಿ ಮಾರುವ ಕೀಬೋರ್ಡಿನ ವಿನ್ಯಾಸ ಭಾರತದಲ್ಲಿ ಸಿಗುವ ಅಮೆರಿಕನ್ ವಿನ್ಯಾಸಕ್ಕಿಂತ ಬೇರೆ. ಸ್ಪೇಸ್ ಕೀಲಿಯ ಅಕ್ಕಪಕ್ಕ ಪರಿವರ್ತನೆಗೆಂದೇ ಹೆಚ್ಚುವರಿ ಕೀಲಿಗಳಿವೆ. ಎಡ ಮೇಲ್ಮೂಲೆಯಲ್ಲಿ ಜಪಾನಿ ಮತ್ತು ರೋಮನ್ ನಡುವೆ ಬದಲಿಸುವ ಹಂಕಾಕು-ಝೆಂಕಾಕು ಕೀಲಿ ಇದೆ. ಅಮೆರಿಕನ್ ವಿನ್ಯಾಸದಲ್ಲಿ ಶಿಫ್ಟ್ ಮತ್ತು 2 ಒತ್ತಿದರೆ @ ಬರುತ್ತದೆ. ಜಪಾನಿ ವಿನ್ಯಾಸದಲ್ಲಿ ಅಲ್ಲಿ ಉದ್ಧರಣ ಚಿಹ್ನೆ ಇದ್ದು, @ ಇರುವುದು ‘ಪಿ’ ಕೀಲಿಯ ಬಲಕ್ಕೆ.

ಜಪಾನಿ ಎಂಜಿನ್ ಹಾಕಿದ ಬಳಿಕ ಚಿಹ್ನೆಗಳ ಜಾಗ ಬದಲಾಗಿದೆ ಎಂಬ ದೂರಿಗೆ ಕಾರಣ ಇದೇ. ಎಂಜಿನ್ ಜೊತೆಗೆ ಜಪಾನಿ ವಿನ್ಯಾಸವೂ ಸಕ್ರಿಯವಾಗಿರುತ್ತದೆ. ಎಕ್ಸ್‌ಎಫ್‌ಸಿಇಯ ಸೆಟ್ಟಿಂಗ್ಸ್, ಪ್ಯಾನೆಲ್‌ನ ಭಾಷಾ ಪ್ಲಗಿನ್, ಐಬಸ್ ಅಥವಾ ಫೈಟಿಕ್ಸ್ ಎಲ್ಲವೂ ವಿನ್ಯಾಸವನ್ನು ಬದಲಿಸಬಲ್ಲವು. ಕೊನೆಗೆ ಬದಲಿಸಿದ್ದರ ಮಾತು ನಡೆಯುತ್ತದೆ. ಒಂದೇ ಕಡೆ ವಿನ್ಯಾಸವನ್ನು ನಿಗದಿ ಮಾಡಿ, ಉಳಿದವುಗಳಿಂದ ಆ ಅಧಿಕಾರವನ್ನು ತೆಗೆದರೆ ಗೊಂದಲ ನಿಲ್ಲುತ್ತದೆ. ಐಬಸ್‌ನಲ್ಲಿ ಇದಕ್ಕಾಗಿ ‘ಸಿಸ್ಟಮ್ ಕೀಬೋರ್ಡ್ ವಿನ್ಯಾಸವನ್ನೇ ಬಳಸು’ ಎಂಬ ಆಯ್ಕೆ ಇದೆ.

ವೇಲ್ಯಾಂಡ್ ತಂದ ಬದಲಾವಣೆ

ಹಗುರ ಡೆಸ್ಕ್‌ಟಾಪ್‌ಗಳೂ ಈಗ ಎಕ್ಸ್11ರಿಂದ ವೇಲ್ಯಾಂಡ್ ಕಡೆಗೆ ಸರಿಯುತ್ತಿವೆ. ರಾಸ್ಪ್‌ಬೆರಿ ಪೈ ಕಂಪ್ಯೂಟರಿನ ಅಧಿಕೃತ ವ್ಯವಸ್ಥೆ 2024ರ ಅಕ್ಟೋಬರ್‌ನಲ್ಲಿ ಲ್ಯಾಬ್‌ಡಬ್ಲ್ಯುಸಿ ಎಂಬ ಹಗುರ ವೇಲ್ಯಾಂಡ್ ಕಂಪೋಸಿಟರ್‌ಗೆ (ವಿಂಡೋಗಳನ್ನು ಪರದೆಯ ಮೇಲೆ ಜೋಡಿಸುವ ತಂತ್ರಾಂಶಕ್ಕೆ) ಬದಲಾಯಿತು. ವೇಲ್ಯಾಂಡ್‌ನಲ್ಲಿ ಅಪ್ಲಿಕೇಶನ್ ಮತ್ತು ಇನ್‌ಪುಟ್ ಮೆಥಡ್ ನಡುವೆ ಕಂಪೋಸಿಟರ್ ಮಧ್ಯಸ್ಥನಾಗಿ ನಿಲ್ಲುತ್ತದೆ. ಒಂದು ಕಡೆ ಅಪ್ಲಿಕೇಶನ್ ‘ಟೆಕ್ಸ್ಟ್-ಇನ್‌ಪುಟ್’ ಎಂಬ ಪ್ರೋಟೊಕಾಲ್‌ನಲ್ಲಿ, ಇನ್ನೊಂದು ಕಡೆ ಚೌಕಟ್ಟು ‘ಇನ್‌ಪುಟ್-ಮೆಥಡ್’ ಎಂಬ ಪ್ರೋಟೊಕಾಲ್‌ನಲ್ಲಿ ಮಾತಾಡುತ್ತವೆ. ಇವುಗಳಿಗೆ ಹಲವು ಆವೃತ್ತಿಗಳಿವೆ. ಎಲ್ಲ ಕಂಪೋಸಿಟರ್‌ಗಳೂ ಎಲ್ಲವನ್ನೂ ಬೆಂಬಲಿಸುವುದಿಲ್ಲ. ಕರಡು ಪಠ್ಯ ಬಂದರೂ ಆಯ್ಕೆಪಟ್ಟಿ ಕಾಣದಿರುವ ತೊಂದರೆ ಇಲ್ಲಿಂದ ಬರುತ್ತದೆ.

ಎಕ್ಸ್11ಗೆ ಕೊಟ್ಟ ಸಲಹೆಗಳನ್ನು ಕಣ್ಣುಮುಚ್ಚಿ ವೇಲ್ಯಾಂಡ್‌ಗೆ ಅನ್ವಯಿಸಬಾರದು. ಪ್ರೋಟೊಕಾಲ್ ಚೆನ್ನಾಗಿ ಕೆಲಸ ಮಾಡುವ ಕಡೆ ಜಿಟಿಕೆ ವೇರಿಯಬಲ್ ಅನ್ನು ಬಲವಂತವಾಗಿ ಕೊಟ್ಟರೆ ಅಪ್ಲಿಕೇಶನ್ ಹಳೆಯ ದಾರಿ ಹಿಡಿದು, ಆಯ್ಕೆಪಟ್ಟಿ ತಪ್ಪು ಜಾಗದಲ್ಲಿ ಮೂಡಬಹುದು. ಎಕ್ಸ್11ರಲ್ಲಿ ಎಲ್ಲವೂ ಸರಿಯಿದ್ದು ವೇಲ್ಯಾಂಡ್ ಸೆಷನ್‌ನಲ್ಲಿ ಮಾತ್ರ ಕೆಟ್ಟರೆ, ಲಾಗಿನ್ ಪರದೆಯಲ್ಲಿ ತಾತ್ಕಾಲಿಕವಾಗಿ ಎಕ್ಸ್11 ಸೆಷನ್ ಆರಿಸಿಕೊಳ್ಳುವುದು ಪ್ರಾಯೋಗಿಕ ದಾರಿ.

ಸಾಧನಗಳು ಮತ್ತು ಶಿಸ್ತು

ಫೈಟಿಕ್ಸ್ 5ರೊಂದಿಗೆ ‘ಡಯಾಗ್ನೋಸ್’ ಎಂಬ ತಪಾಸಣಾ ಆಜ್ಞೆ ಬರುತ್ತದೆ. ಅದು ವೇರಿಯಬಲ್‌ಗಳ ಬೆಲೆ, ಇರುವ ಮತ್ತು ಇಲ್ಲದ ಮಾಡ್ಯೂಲ್‌ಗಳು, ಡಿ-ಬಸ್ ಸ್ಥಿತಿ, ಲೊಕೇಲ್, ಹಾಕಿದ ಎಂಜಿನ್‌ಗಳು ಎಲ್ಲವನ್ನೂ ಒಂದೇ ವರದಿಯಲ್ಲಿ ಒಪ್ಪಿಸಿ, ತಪ್ಪಿದ ಕಡೆ ಎಚ್ಚರಿಕೆ ಬರೆಯುತ್ತದೆ. ಇನ್ನೊಬ್ಬರ ಸಹಾಯ ಕೇಳುವಾಗಲೂ ಈ ವರದಿ ಜೊತೆಗಿದ್ದರೆ ಉತ್ತರ ಬೇಗ ಸಿಗುತ್ತದೆ. ‘ಎನ್ವ್’ ಆಜ್ಞೆ ವೇರಿಯಬಲ್‌ಗಳನ್ನೂ, ‘ಲೊಕೇಲ್’ ಆಜ್ಞೆ ಭಾಷಾ ಸಂರಚನೆಯನ್ನೂ ತೋರಿಸುತ್ತವೆ. ಅನುಮಾನವಿರುವ ಅಪ್ಲಿಕೇಶನನ್ನು ಟರ್ಮಿನಲ್‌ನಿಂದ, ಬೇಕಾದ ವೇರಿಯಬಲ್ ಅನ್ನು ಅದೇ ಸಾಲಿನ ಮೊದಲಲ್ಲಿ ಬರೆದು ತೆರೆದು ನೋಡಿದರೆ, ಯಾವ ಫೈಲನ್ನೂ ಮುಟ್ಟದೆ ಊಹೆಯನ್ನು ಪರೀಕ್ಷಿಸಬಹುದು.

ಕನ್ನಡಕ್ಕೂ ಇದೇ ಹಾದಿ

ಲಿನಕ್ಸ್‌ನಲ್ಲಿ ಕನ್ನಡ ಬರೆಯುವವರಿಗೂ ಈ ವ್ಯವಸ್ಥೆಯ ನಂಟು ಇದೆ. ಐಬಸ್ ಮತ್ತು ಫೈಟಿಕ್ಸ್ ಎರಡರಲ್ಲೂ ಎಂ17ಎನ್ ಎಂಬ ಎಂಜಿನ್ ಸಿಗುತ್ತದೆ. ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಕೆಜಿಪಿ ವಿನ್ಯಾಸ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಇವೆಲ್ಲ ಅದರೊಳಗಿವೆ. ಬಹುಭಾಷಾ ಬರಹಕ್ಕಾಗಿ ಎಂ17ಎನ್ ಅನ್ನು ರೂಪಿಸಿದ್ದು ಜಪಾನ್‌ನ ಎಐಎಸ್‌ಟಿ ಸಂಶೋಧನಾ ಸಂಸ್ಥೆಯಲ್ಲಿ ಕೆನಿಚಿ ಹಂಡ ಮತ್ತು ಅವರ ಸಂಗಡಿಗರು. ತಮ್ಮ ಲಿಪಿಯನ್ನು ಕಂಪ್ಯೂಟರಿಗೆ ತರಲು ಪಟ್ಟ ಪಾಡಿನಿಂದ ಜಪಾನಿ ಸಂಶೋಧಕರು ಕಲಿತದ್ದು ಭಾರತೀಯ ಭಾಷೆಗಳಿಗೂ ಒದಗಿತು.

ಇನ್‌ಸ್ಕ್ರಿಪ್ಟ್‌ನಂಥ ಕನ್ನಡ ವಿನ್ಯಾಸಗಳನ್ನು ಚೌಕಟ್ಟಿನ ಹಂಗಿಲ್ಲದೆ ನೇರ ಕೀಬೋರ್ಡ್ ಪದರದಲ್ಲೂ ಬಳಸಬಹುದು. ಪದವನ್ನು ಆರಿಸಿಕೊಳ್ಳಲೇಬೇಕಾದ ಜಪಾನಿಗೆ ಆ ಅನುಕೂಲ ಇಲ್ಲ. ಆದರೆ ಎಂ17ಎನ್ ಮೂಲಕ ಕನ್ನಡ ಬರೆಯುವವರಿಗೆ ಎದುರಾಗುವ ಆಟೋಸ್ಟಾರ್ಟ್, ವೇರಿಯಬಲ್, ಮಾಡ್ಯೂಲ್ ತೊಂದರೆಗಳು ಮೇಲೆ ಹೇಳಿದವೇ, ಪರಿಹಾರವೂ ಅದೇ.

ಫಾಂಟ್, ಚೌಕಟ್ಟು, ಆಟೋಸ್ಟಾರ್ಟ್, ವೇರಿಯಬಲ್, ಮಾಡ್ಯೂಲ್, ಎಂಜಿನ್‌ನ ಸ್ಥಿತಿ, ಕೀಬೋರ್ಡ್ ವಿನ್ಯಾಸ: ಈ ಕ್ರಮದಲ್ಲಿ ನೋಡುತ್ತ ಹೋದರೆ ಬಹುತೇಕ ತೊಂದರೆಗಳು ದಾರಿಯಲ್ಲೇ ಸಿಕ್ಕಿಬೀಳುತ್ತವೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಲಾಗ್ ಔಟ್ ಆಗಿ ಒಳಬಂದು ಪರೀಕ್ಷಿಸಿ, ಫಲಿಸಿದ್ದನ್ನು ಬರೆದಿಟ್ಟುಕೊಳ್ಳಬೇಕು. ಯಂತ್ರ ಹಳೆಯದು, ಡೆಸ್ಕ್‌ಟಾಪ್ ಹಗುರದ್ದು ಎಂಬ ಕಾರಣಕ್ಕೆ ಯಾರೂ ತಮಗೆ ಬೇಕಾದ ಭಾಷೆಯಲ್ಲಿ ಬರೆಯುವುದನ್ನು ಬಿಡಬೇಕಾಗಿಲ್ಲ.